ನೀರು ಉಳಿದ ಕಡೆ ಐದು ದಿನ

2024ರ ಏಪ್ರಿಲ್. ಯುಗಾದಿ ಮುಗಿದು ವಾರವಾಗಿತ್ತು. ಬೇವಿನ ಮರಗಳು ಚಿಗುರಿದ್ದವು. ಹೊಲಗಳಲ್ಲಿ ಮಾತ್ರ ಒಂದು ಹಸಿರು ಕಡ್ಡಿ ಇರಲಿಲ್ಲ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ನಮ್ಮ ಗಂಗಾವತಿ ಕಡೆ ಬೇಸಿಗೆ ಅಂದರೆ ಎರಡನೇ ಬೆಳೆಯ ಭತ್ತ, ಕಣ್ಣು ಹಾಯಿಸಿದಷ್ಟು ದೂರ ಹಸಿರು. ಆ ವರ್ಷ ತುಂಗಭದ್ರಾ ಡ್ಯಾಮಿನಲ್ಲಿ ನೀರಿಲ್ಲದೆ ಎರಡನೇ ಬೆಳೆಗೆ ಕಾಲುವೆ ಬಿಡಲಿಲ್ಲ. ಗದ್ದೆಗಳು ಬಿರುಕು ಬಿಟ್ಟು ಬಿದ್ದಿದ್ದವು.

ನಾನು ಶಾಲೆಯಲ್ಲಿ ಪಾಠ ಮಾಡುವವಳು. ಹಕ್ಕಿ, ಪ್ರಾಣಿ ನೋಡುವ ಹುಚ್ಚು ಹತ್ತು ವರ್ಷದಿಂದ ಇದೆ. ಶಾಲೆಗೆ ರಜೆ ಬಿದ್ದಿತ್ತು, ಚುನಾವಣೆ ಕೆಲಸಕ್ಕೆ ಇನ್ನೂ ದಿನವಿತ್ತು. ಮಗ ಬಂಡೀಪುರಕ್ಕೆ ಹೋಗೋಣ ಅಂದ. ನನಗೆ ನಮ್ಮ ಕಡೆಯ ಪ್ರಾಣಿಗಳು ಈ ಬರದಲ್ಲಿ ಹೇಗೆ ದಿನ ದೂಡುತ್ತಿವೆ ಅಂತ ನೋಡಬೇಕಿತ್ತು. ಕೊಪ್ಪಳ, ಬಳ್ಳಾರಿ, ರಾಯಚೂರಿನಲ್ಲಿ ದಟ್ಟ ಕಾಡಿಲ್ಲ, ನಿಜ. ಆದರೆ ಎರೆ ಬಯಲಿದೆ, ಬಂಡೆಗುಡ್ಡಗಳಿವೆ, ತುಂಗಭದ್ರಾ ಕೃಷ್ಣಾ ಎರಡೂ ನದಿಗಳಿವೆ. ನಮ್ಮದೇ ಕಾರು, ನಾನೇ ಓಡಿಸುವುದು. ಜೊತೆಗೆ ಹನ್ನೆರಡು ವರ್ಷದ ಮಗ, ನನ್ನ ಸೋದರಮಾವ. ಮಾವನಿಗೆ ಎಪ್ಪತ್ತು ದಾಟಿದೆ. ಚಿಕ್ಕಂದಿನಿಂದ ಕುರಿ ಕಾದವರು. ಬಯಲಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಮ್ಯಾಪಿಗೂ ಗೊತ್ತಿಲ್ಲ.

ಡಿಕ್ಕಿಯಲ್ಲಿ 20 ಲೀಟರಿನ ಮೂರು ನೀರಿನ ಕ್ಯಾನು ಇಟ್ಟೆವು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಈರುಳ್ಳಿ, ಒಂದು ಹಗ್ಗ, ಎರಡು ಹಳೆ ಕಂಬಳಿ. ಕಂಬಳಿ ಈ ಬಿಸಿಲಲ್ಲಿ ಯಾಕೆ ಅಂದೆ. "ಇರ್ಲಿ ಬಿಡವಾ" ಅಂದರು ಮಾವ.

ಮೊದಲ ದಿನ: ಕುಕನೂರಿನ ಎರೆ ಹೊಲ

ಬೆಳಗಿನ ಐದಕ್ಕೆ ಹೊರಟೆವು. ಬೂದಗುಂಪಾ ದಾಟಿ, ಗಿಣಿಗೇರಿಯ ಕಾರ್ಖಾನೆಗಳ ಹೊಗೆ ದಾಟಿ, ಕೊಪ್ಪಳದಲ್ಲಿ ಚಹಾ ಕುಡಿದೆವು. ಚುನಾವಣೆ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಡಿಕ್ಕಿ ತೆಗೆಸಿ ನೋಡಿದರು. ನೀರಿನ ಕ್ಯಾನು ನೋಡಿ ಒಬ್ಬರು, "ಪ್ರಾಣಿ ನೋಡಾಕ ಹೊಂಟೀರೇನ್ರಿ? ಕುಕನೂರು ಕಡೆ ಚಿಗರಿ ಭಾಳ ಅದಾವ್ರಿ" ಅಂದರು.

ಪುಸ್ತಕದಲ್ಲಿ ಕೃಷ್ಣಮೃಗ, ನಮ್ಮ ಬಾಯಲ್ಲಿ ಚಿಗರಿ. ಕುಕನೂರು, ಯಲಬುರ್ಗಾ ಕಡೆಯ ಕಪ್ಪು ಮಣ್ಣಿನ ಬಯಲು ಅವಕ್ಕೆ ಬಹಳ ಹಿಂದಿನಿಂದಲೂ ಮನೆ. ಕಾಡಿನ ಗಡಿ, ಗೇಟು, ಟಿಕೆಟ್ಟು ಏನೂ ಇಲ್ಲ. ರೈತರ ಹೊಲದಲ್ಲೇ ಹುಟ್ಟಿ, ಅಲ್ಲೇ ಮೇದು, ಅಲ್ಲೇ ಸಾಯುತ್ತವೆ. ಊರು ದಾಟಿ ಮೂರ್ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಮಗ ನೋಡಿದ. ಕಡಲೆ ಕಿತ್ತ ಖಾಲಿ ಹೊಲದಲ್ಲಿ ನಲವತ್ತರಷ್ಟು ಇದ್ದವು. ಹೆಣ್ಣು, ಮರಿಗಳು ಮಣ್ಣುಕಂದು. ಮೂರು ಗಂಡು, ಬೆನ್ನು ಅಚ್ಚ ಕಪ್ಪು, ತಿರುಚಿದ ಕೊಂಬು. ಕಾರು ರಸ್ತೆಯಲ್ಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ.

ಬೇರೆ ವರ್ಷಗಳಲ್ಲಿ ಕಾರು ನಿಂತರೆ ಸಾಕು, ಒಂದು ನೆಗೆಯುತ್ತದೆ, ಅದರ ಹಿಂದೆ ಉಳಿದವೆಲ್ಲ ಸ್ಪ್ರಿಂಗಿನ ಹಾಗೆ ನೆಗೆದು ಓಡುತ್ತವೆ. ಅವತ್ತು ಓಡಲಿಲ್ಲ. ತಲೆ ಎತ್ತಿ ನೋಡಿದವು, ಮತ್ತೆ ತಗ್ಗಿಸಿದವು. ಪಕ್ಕೆಲುಬು ಎಣಿಸಬಹುದಿತ್ತು. ಮಗ ಖುಷಿಯಿಂದ ಫೋಟೋ ತೆಗೆಯುತ್ತಿದ್ದ. ಮಾವ ಮೆತ್ತಗೆ ಹೇಳಿದರು: "ಓಡಾಕ ತ್ರಾಣಿಲ್ಲ ಅವಕ್ಕ."

ಹುಲ್ಲು ಹಸಿಯಿದ್ದರೆ ಚಿಗರಿಗೆ ಅದರಲ್ಲೇ ಅಷ್ಟಿಷ್ಟು ನೀರು ಸಿಗುತ್ತದೆ. ಒಣ ದಂಟು ತಿಂದು ಬದುಕುವಾಗ ನೀರು ಕುಡಿಯಲೇಬೇಕು. ಹಳ್ಳ ಒಣಗಿದೆ, ಕೆರೆ ಒಣಗಿದೆ. ಉಳಿದಿರುವುದು ರೈತರ ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಒಣ ಬೇಸಾಯದ ಊರುಗಳಲ್ಲಿ ಇಂಥ ಹೊಂಡಗಳು ಜಾಸ್ತಿಯಾದವು. ನೀರು ಇಂಗದಿರಲಿ ಅಂತ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ರೈತನಿಗೆ ಅದು ಜೀವ ಉಳಿಸುವ ವಸ್ತು. ಆದರೆ ಹಾಳೆ ನುಣುಪು, ದಂಡೆ ಕಡಿದು. ಗೊರಸು ಜಾರಿ ಒಳಗೆ ಬಿದ್ದ ಪ್ರಾಣಿ ಮೇಲೆ ಬರಲಾರದು.

ಇದನ್ನು ನಾನು ಓದಿದ್ದೆ. ಕಣ್ಣಾರೆ ನೋಡಿದ್ದು ಅವತ್ತು.

ಹತ್ತು ಗಂಟೆ ಇರಬಹುದು. ಒಬ್ಬ ರೈತ ಹೊಲದ ಬದುವಿನ ಮೇಲೆ ಓಡುತ್ತಾ ಬಂದು ಕೈ ಬೀಸಿದ. "ಹಗ್ಗ ಐತೇನ್ರಿ?" ಅಂದ. ಅವನ ಹೊಂಡದಲ್ಲಿ ಒಂದು ಹೆಣ್ಣು ಚಿಗರಿ ಬಿದ್ದಿತ್ತು. ಬೋರಿನಿಂದ ತುಂಬಿಸಿದ ನೀರು ಕಾಲುಭಾಗ ಇತ್ತು. ಕುತ್ತಿಗೆ ಅಷ್ಟೇ ಮೇಲೆ. ಮುಂಗಾಲು ಹಾಳೆಗೆ ಹಚ್ಚುತ್ತದೆ, ಜಾರುತ್ತದೆ, ಮತ್ತೆ ಹಚ್ಚುತ್ತದೆ. ಅರಣ್ಯ ಇಲಾಖೆಗೆ ಫೋನು ಮಾಡಿದೆ. ಫೋನು ತೆಗೆದವರು ಹೊರಟೇ ಬಂದರು, ಆದರೆ ದೂರ ಇದ್ದರು. ದಾರಿಯಿಂದಲೇ ಹೇಳಿದರು: ಗದ್ದಲ ಮಾಡಬೇಡಿ, ಹಿಡಿದ ಕೂಡಲೇ ಕಣ್ಣು ಮುಚ್ಚಿ, ಕಾಲು ಕಟ್ಟಬೇಡಿ, ಬೇಗ ಬಿಟ್ಟುಬಿಡಿ. ಈ ಜಾತಿಯ ಪ್ರಾಣಿ ಗಾಯಕ್ಕಿಂತ ಗಾಬರಿಗೇ ಸಾಯುವುದುಂಟು.

ರೈತ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಅವನ ತಮ್ಮ, ಮಾವ, ನಾನು ಮೇಲಿಂದ ಹಿಡಿದೆವು. ಕಂಬಳಿ ಯಾಕೆ ತಂದಿದ್ದರು ಅಂತ ಆಗ ತಿಳಿಯಿತು. ಒಂದನ್ನು ಹಾಳೆಯ ಮೇಲೆ ಹಾಸಿ ಕಾಲು ಊರಲು ಜಾಗ ಮಾಡಿದರು. ಇನ್ನೊಂದನ್ನು ಅದರ ತಲೆಗೆ ಹೊದಿಸಿದರು. ತಲೆ ಮುಚ್ಚಿದ ಕೂಡಲೇ ಒದ್ದಾಟ ನಿಂತಿತು. ಎತ್ತಿ ಬದುವಿಗೆ ತಂದು, ಕಂಬಳಿ ತೆಗೆದು, ನಾವೆಲ್ಲ ಹಿಂದೆ ಸರಿದೆವು.

ಅದು ಏಳಲಿಲ್ಲ. ಹೊಟ್ಟೆ ಮಾತ್ರ ಏರಿಳಿಯುತ್ತಿತ್ತು. ಮಗ ನನ್ನ ಕೈ ಹಿಡಿದಿದ್ದ. ಐದು ನಿಮಿಷವೋ ಹತ್ತು ನಿಮಿಷವೋ. ಆಮೇಲೆ ಮುಂಗಾಲು ಮಡಚಿತು, ಎದ್ದಿತು, ನಡುಗುತ್ತಾ ನಿಂತಿತು, ನಡೆಯಿತು. ಓಡಲಿಲ್ಲ, ನಡೆದೇ ಹೋಯಿತು.

ರೈತ ಒದ್ದೆ ಬಟ್ಟೆಯಲ್ಲೇ ಕೂತು ಮಾತಾಡಿದ. "ಬಿತ್ತಿದ ಕಡ್ಲಿ ಮೊಳಕಿ ಒಡದಾಗ ಅರ್ಧ ಇವ ತಿಂದ್ವು ಅಕ್ಕೋರ. ಇನ್ನರ್ಧ ಮಳಿ ಇಲ್ದ ಹೋತು. ರಾತ್ರಿ ಕಾದು ಕಾದು ಸಾಕಾಗೇತಿ. ಆದ್ರ ಕಣ್ಣ ಮುಂದ ಮುಳುಗಾಕತ್ರ ಬಿಡಾಕ ಆಗ್ತೈತೇನ್ರಿ?" ಒಂದು ತಿಂಗಳಲ್ಲಿ ಇದು ಮೂರನೆಯದಂತೆ. ಮೊದಲಿನ ಎರಡು ಬೆಳಗಾಗುವಷ್ಟರಲ್ಲಿ ಸತ್ತಿದ್ದವು. ಬೆಳೆ ಕಳೆದುಕೊಂಡವನೇ ಪ್ರಾಣಿಗೂ ನೀರು ಕೊಡಬೇಕು ಅನ್ನುವುದು ಅನ್ಯಾಯ. ಬೆಳೆ ಪರಿಹಾರ ಬೇಗ ಕೈಗೆ ಬಂದರೆ ಇಂಥವರ ಮನಸ್ಸು ಉಳಿಯುತ್ತದೆ. ಆ ಮನಸ್ಸು ಹೋದರೆ ಚಿಗರಿಯೂ ಹೋಯಿತು ಅಂತಲೇ ಲೆಕ್ಕ.

ಹೊಂಡದ ಒಂದು ಮಗ್ಗುಲಿಗೆ ಏನಾದರೂ ಇಳಿಬಿಟ್ಟರೆ ಹತ್ತಿ ಬರುತ್ತವೆ ಅಲ್ವಾ ಅಂತ ಕೇಳಿದೆ. "ಹಳೇ ಮೀನಿನ ಬಲಿ ಸಿಕ್ರ ಚಲೋ ಇತ್ತು. ಇಲ್ಲಿ ಬಲಿ ಎಲ್ಲಿ ಸಿಗ್ತಾವ್ರಿ" ಅಂದ. ಮಾವ ಅದನ್ನು ತಲೆಯಲ್ಲಿ ಇಟ್ಟುಕೊಂಡರು. ರಾತ್ರಿ ಕುಕನೂರಿನ ಬಳಗದವರ ಮನೆಯಲ್ಲಿ ಉಳಿದೆವು. ಮಾಳಿಗೆ ಮೇಲೆ ಮಲಗಿದರೂ ನಡುರಾತ್ರಿವರೆಗೆ ಕಲ್ಲು ಬಿಸಿ ಇತ್ತು.

ಎರಡನೇ ದಿನ: ಡ್ಯಾಮಿನ ಹೊಟ್ಟೆಯೊಳಗೆ

ಬೆಳಿಗ್ಗೆ ಇಟಗಿಯ ಮಹಾದೇವ ದೇವಾಲಯ ನೋಡಿದೆವು. 1112ರಲ್ಲಿ ಕಟ್ಟಿಸಿದ್ದು, ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಗುಡಿಯ ಬಗ್ಗೆ ಬರೆಯಲು ಇದು ಜಾಗವಲ್ಲ. ಹತ್ತು ಗಂಟೆಗೆಲ್ಲ ತುಂಗಭದ್ರಾ ಹಿನ್ನೀರಿನ ಕಡೆ ತಿರುಗಿದೆವು.

ಹಿನ್ನೀರು ಅಂತ ಹೆಸರಿಗೆ ಅಷ್ಟೇ. ನೀರು ಎಲ್ಲೋ ದೂರದಲ್ಲಿ ಒಂದು ಗೆರೆ. ಅಲ್ಲಿಯವರೆಗೆ ಬರೀ ಬಯಲು. ಡ್ಯಾಮು ಕಟ್ಟಿದಾಗ 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ನಾವು ನಿಂತಿದ್ದದ್ದು ಆ ಹೂಳಿನ ಮೇಲೆ. ಎಳೆ ಹುಲ್ಲು ಅಲ್ಲಲ್ಲಿ ಹಬ್ಬಿತ್ತು, ಕುರಿ ಹಿಂಡುಗಳು ಮೇಯುತ್ತಿದ್ದವು. ಕುರಿಗಾಹಿಗಳ ಜೊತೆ ಮಾವನ ಮಾತು ಮುಗಿಯುವಂತಿರಲಿಲ್ಲ. ತೋಳದ ವಿಷಯವೂ ಬಂತು. ನಮ್ಮ ಗಂಗಾವತಿ ಹತ್ತಿರದ ಬಂಕಾಪುರದಲ್ಲಿ 332 ಹೆಕ್ಟೇರ್ ಕುರುಚಲು ಕಾಡಿದೆ, ತೋಳಗಳ ನೆಲೆ. ಮಾವ ಹುಡುಗನಾಗಿದ್ದಾಗ ಅದೇ ಸೀಮೆಯಲ್ಲಿ ತೋಳ ಅವರ ಕಣ್ಣೆದುರೇ ಮರಿ ಎತ್ತಿಕೊಂಡು ಹೋಗಿತ್ತಂತೆ. "ಅದರ ಪಾಲು ಅದು ತಗೊಂಡ್ ಹೋಗ್ತಿತ್ತು" ಅನ್ನುವಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ನೀರಿನ ಗೆರೆಯ ಹತ್ತಿರ ಹಕ್ಕಿಗಳು ಕಾಣುತ್ತಿದ್ದವು. ನೆಲ ಗಟ್ಟಿಯಾಗಿತ್ತು. ಟ್ರ್ಯಾಕ್ಟರಿನ ಜಾಡು ಇತ್ತು. ಆ ಜಾಡು ಹಿಡಿದು ಕಾರು ಇಳಿಸಿದೆ. ಅರ್ಧ ಕಿಲೋಮೀಟರ್ ಚೆನ್ನಾಗಿಯೇ ಹೋಯಿತು. ಜಾಡು ಬಿಟ್ಟು ಸ್ವಲ್ಪ ಬಲಕ್ಕೆ ತಿರುಗಿಸಿದೆ, ಮುಂದಿನ ಗಾಲಿ ಕುಸಿಯಿತು. ಮೇಲಿನ ಪದರ ಮಾತ್ರ ಒಣಗಿತ್ತು, ಕೆಳಗೆ ಹಸಿ ಹೂಳು. ಆಕ್ಸಿಲರೇಟರ್ ಒತ್ತಿದಷ್ಟೂ ಒಳಗೆ ಹೋಯಿತು.

ಇಳಿದು ನಿಂತಾಗ ತಲೆಯ ಮೇಲೆ ಹಕ್ಕಿಗಳ ಕೂಗು. ಕಪ್ಪು ಟೋಪಿ, ಹಳದಿ ಕೊಕ್ಕು, ಬೂದು ರೆಕ್ಕೆ. ನದಿ ರೀವಗಳು. ಕೊಕ್ಕು ಕೆಳಗೆ ಮಾಡಿ ನಮ್ಮ ತಲೆಗೇ ಎರಗುತ್ತಿದ್ದವು. ಅಷ್ಟು ಸಿಟ್ಟು ಯಾಕೆ ಅಂತ ಗೊತ್ತಾದಾಗ ಎದೆ ಧಸಕ್ ಅಂದಿತು. ಕಾರಿನಿಂದ ಹತ್ತು ಹನ್ನೆರಡು ಮಾರು ದೂರದಲ್ಲಿ, ಬರೀ ನೆಲದ ಮೇಲೆ, ಒಂದು ಅಂಗೈಯಷ್ಟು ತಗ್ಗಿನಲ್ಲಿ ಎರಡು ಮೊಟ್ಟೆ. ಮುಂದೆ ಇನ್ನೊಂದು ಜಾಗ, ಅಲ್ಲಿ ಮೂರು. ಮಣ್ಣಿನದೇ ಬಣ್ಣ, ಕಂದು ಚುಕ್ಕೆ. ನಾವು ತುಳಿಯದೇ ಇದ್ದದ್ದು ಪುಣ್ಯ.

ನೀರು ಇಳಿದಾಗ ತೆರೆದುಕೊಳ್ಳುವ ಮರಳು ದಿಬ್ಬ, ನಡುಗಡ್ಡೆಗಳ ಮೇಲೆ ರೀವಗಳು ಮೊಟ್ಟೆ ಇಡುತ್ತವೆ. ಸುತ್ತ ನೀರಿದ್ದರೆ ನಾಯಿ ಬರುವುದಿಲ್ಲ. ಆ ವರ್ಷ ನೀರು ತೀರಾ ಇಳಿದು ನಡುಗಡ್ಡೆ ದಂಡೆಗೆ ಕೂಡಿಬಿಟ್ಟಿತ್ತು. ನಾಯಿ, ಕುರಿ, ಟ್ರ್ಯಾಕ್ಟರ್ ಎಲ್ಲಕ್ಕೂ ದಾರಿ. ನನ್ನ ಕಾರಿಗೂ.

ಮೊಟ್ಟೆಗೆ ಕಾವು ಕೊಡುವುದು ನಮಗೆಲ್ಲ ಗೊತ್ತು. ಇಂಥ ಬಿಸಿಲಲ್ಲಿ ಅವು ಮಾಡುವುದು ತಂಪು ಕೊಡುವ ಕೆಲಸ. ನೀರಿಗೆ ಹೋಗಿ ಎದೆ, ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ. ಮತ್ತೆ ಹೋಗುತ್ತವೆ, ಮತ್ತೆ ಬರುತ್ತವೆ. ನಾವು ಅಲ್ಲಿ ನಿಂತಿರುವಷ್ಟು ಹೊತ್ತು ಅವು ಕೂರುವ ಹಾಗಿಲ್ಲ. ಹನ್ನೊಂದೂವರೆ ಗಂಟೆ. 40 ಡಿಗ್ರಿ ಬಿಸಿಲು. ಮೊಟ್ಟೆ ಬೇಯುತ್ತಿದೆ.

ಕಾರನ್ನು ಅಲ್ಲೇ ಬಿಟ್ಟು ಮೂವರೂ ದೂರ ನಡೆದೆವು, ಇನ್ನೂರು ಮಾರು ಆಚೆಗೆ. ಅಲ್ಲಿಂದ ದುರ್ಬೀನಿನಲ್ಲಿ ನೋಡಿದೆ. ಮೊದಲು ಒಂದು ಬಂದು ಕೂತಿತು. ಆಮೇಲೆ ಇನ್ನೊಂದು, ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನಗೆ ಅಳು ಬಂತು, ಅತ್ತೆ.

ಟ್ರ್ಯಾಕ್ಟರಿನವನು ಸಿಕ್ಕಿದ ಕೂಡಲೇ ಎಳೆಸಬಹುದಿತ್ತು. ಮಾವ ಬೇಡ ಅಂದರು. ಸಂಜೆ ಬಿಸಿಲು ಇಳಿಯುವವರೆಗೆ ಕುರಿಗಾಹಿಗಳ ಚಪ್ಪರದ ಕೆಳಗೆ ಕೂತೆವು. ನಮ್ಮ ಒಂದು ಕ್ಯಾನು ನೀರು ಅವರಿಗೆ ಕೊಟ್ಟೆವು, ಅವರು ಮಜ್ಜಿಗೆ ಕೊಟ್ಟರು. ಆರು ಗಂಟೆಗೆ ಟ್ರ್ಯಾಕ್ಟರ್ ಬಂದು, ನಾವು ಇಳಿದ ಜಾಡಿನಲ್ಲೇ ಹಿಂದಕ್ಕೆ, ಎರಡೇ ನಿಮಿಷದಲ್ಲಿ ಎಳೆದು ಹಾಕಿತು. ಅವತ್ತಿನಿಂದ ಡಾಂಬರು ಅಥವಾ ಗಟ್ಟಿ ಬಂಡಿಜಾಡು ಬಿಟ್ಟು ಗಾಲಿ ಇಳಿಸಿಲ್ಲ.

ಮುನಿರಾಬಾದ್ ಮೇಲೆ ಹಾದು ಹೊಸಪೇಟೆಯಲ್ಲಿ ರೂಮು ಮಾಡಿದೆವು. ರಾತ್ರಿ ಮಗ ಕೇಳಿದ: "ಅಮ್ಮ, ಈ ಸಲ ಎಲ್ಲ ಪ್ರಾಣಿ ಇಷ್ಟು ಹತ್ತಿರ ಕಾಣ್ತಾವಲ್ಲ, ಬರ ಬಂದ್ರೆ ನೋಡೋಕೆ ಒಳ್ಳೇದಾ?" ಸಫಾರಿ ಜಾಹೀರಾತುಗಳು ಹೇಳುವುದೂ ಅದನ್ನೇ. ಬೇಸಿಗೆಯಲ್ಲಿ ಬನ್ನಿ, ನೀರಿನ ಹತ್ತಿರ ಖಂಡಿತ ಸಿಗುತ್ತವೆ ಅಂತ. ಸಿಗುತ್ತವೆ, ಸುಳ್ಳಲ್ಲ. ಬೇರೆಲ್ಲೂ ಹೋಗಲು ಆಗದ್ದಕ್ಕೆ ಸಿಗುತ್ತವೆ. ನಾವು ಹೋಗಿ ನಿಲ್ಲುವುದು ಅವಕ್ಕೂ ಅವುಗಳ ಕೊನೆಯ ಗುಟುಕಿಗೂ ನಡುವೆ. ಇದನ್ನು ಮಗನಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. "ಅದಕ್ಕ ದೂರ ಕೂಡಬೇಕು ಮಗನ" ಅಂದರು ಮಾವ, ಅಷ್ಟೇ.

ಮೂರನೇ ದಿನ: ಕಂಪ್ಲಿ, ದರೋಜಿ

ಡ್ಯಾಮಿನ ಕೆಳಗೆ ತುಂಗಭದ್ರಾ ಬಂಡೆಗಳ ನಡುವೆ ಹರಿಯುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ನೀರುನಾಯಿಗಳಿಗಾಗಿಯೇ ದೇಶದಲ್ಲಿ ಆದ ಮೊದಲ ಮೀಸಲು ಇದು. ನಮ್ಮ ಊರಿನ ಪಕ್ಕದಲ್ಲೇ ಇದೆ ಅಂತ ನನ್ನ ಶಾಲೆಯ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

ಆ ಬೆಳಿಗ್ಗೆ ಹೊಳೆ ಹರಿಯುತ್ತಿರಲಿಲ್ಲ. ಮಡುಗಳು ಮಾತ್ರ ಉಳಿದಿದ್ದವು. ಜಾಗದ ಹೆಸರು ಬರೆಯುವುದಿಲ್ಲ. ಕಾರನ್ನು ರಸ್ತೆಯಲ್ಲೇ ಬಿಟ್ಟು ನಡೆದು ಹೋಗಿ ಒಂದು ಬಂಡೆಯ ಮರೆಯಲ್ಲಿ ಕೂತೆವು. ಬಂಡೆಯ ಮೇಲೆ ಒಣಗಿದ ಹಿಕ್ಕೆ, ಅದರಲ್ಲಿ ಮೀನಿನ ಪೊರೆ ಮಿನುಗುತ್ತಿತ್ತು. ಏಳು ಗಂಟೆಗೆ ನೀರಿನಲ್ಲಿ ಗುಳ್ಳೆ ಎದ್ದವು. ಮೊದಲು ಒಂದು ಚಪ್ಪಟೆ ತಲೆ, ಆಮೇಲೆ ನಾಲ್ಕು. ಐದರ ಸಂಸಾರ. ಸಾಲಾಗಿ ಈಜಿ ಮೀನನ್ನು ಮೂಲೆಗೆ ಒತ್ತಿ ಹಿಡಿದವು. ಒಂದು ಮರಿ ಮೀನನ್ನು ಎರಡು ಕೈಯಲ್ಲಿ ಹಿಡಿದು ತಲೆಯ ಕಡೆಯಿಂದ ಕರುಂ ಕರುಂ ಅಂತ ಕಡಿಯುತ್ತಿದ್ದದ್ದು ನಮಗೆ ಕೇಳಿಸುತ್ತಿತ್ತು.

ಅದೇ ಮಡುವಿನಲ್ಲಿ ಒಬ್ಬ ಮೀನುಗಾರ ಹರಿಗೋಲಿನಲ್ಲಿ ಬಲೆ ಎತ್ತಲು ಬಂದ. ಬಲೆ ಎರಡು ಕಡೆ ಹರಿದಿತ್ತು. "ನೀರು ಇದ್ದಾಗ ಅವು ಆ ಕಡೀಗೆ, ನಾವು ಈ ಕಡೀಗೆ. ಈಗ ಇಬ್ಬರಿಗೂ ಇದೊಂದ ಮಡುವು" ಅಂದ. ಮಾವ ಕೂಡಲೇ ಕೇಳಿದರು, ಹರಿದ ಬಲೆ ಎಷ್ಟಕ್ಕೆ ಕೊಡ್ತಿ ತಮ್ಮಾ ಅಂತ. ಅವನ ಮನೆಯ ಹಿಂದೆ ಹಳೆ ಬಲೆಗಳ ರಾಶಿಯೇ ಇತ್ತು. ದಪ್ಪ ದಾರದ ಮೂರು ಬಲೆ ಕೊಂಡೆವು. ಡಿಕ್ಕಿ ತುಂಬಾ ಮೀನಿನ ವಾಸನೆ.

ಕಂಪ್ಲಿಯಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಮಧ್ಯಾಹ್ನ ದರೋಜಿ ಕರಡಿಧಾಮಕ್ಕೆ ಹೋದೆವು. ದರೋಜಿ ಊರು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನದು, ನಾವು ಒಳಗೆ ಹೋಗಿದ್ದು ಕಮಲಾಪುರದ ಕಡೆಯಿಂದ. 1994ರಲ್ಲಿ ಆದ ಧಾಮ. 2009ರಲ್ಲಿ ಬುಕ್ಕಸಾಗರದ ಕಾಡು ಸೇರಿ ಈಗ ಸುಮಾರು 82 ಚದರ ಕಿಲೋಮೀಟರ್. ಗೇಟಿನಲ್ಲಿ ಟಿಕೆಟ್ ತಗೊಂಡು ಸ್ವಂತ ಗಾಡಿಯಲ್ಲೇ ವೀಕ್ಷಣಾ ಗೋಪುರದವರೆಗೆ ಹೋಗಬಹುದು. 20ರ ವೇಗದಲ್ಲಿ ಓಡಿಸಿದೆ. ಎಲೆ ಉದುರಿದ ಕುರುಚಲು, ಸುಟ್ಟ ಬಣ್ಣದ ಬಂಡೆ. ದಾರಿ ಪಕ್ಕದ ಹುತ್ತಗಳಲ್ಲಿ ದೊಡ್ಡ ದೊಡ್ಡ ತೂತು, ಕರಡಿ ಉಗುರಿನಿಂದ ಅಗೆದದ್ದು. ಗೆದ್ದಲು ಇದರ ಮುಖ್ಯ ಊಟ. ಮೇಲಿನ ನಡುವಿನ ಎರಡು ಹಲ್ಲು ಇದಕ್ಕಿಲ್ಲ. ಆ ಸಂದಿಯಿಂದ ಗೆದ್ದಲನ್ನು ಗಾಳಿ ಎಳೆದ ಹಾಗೆ ಎಳೆದುಕೊಳ್ಳುತ್ತದೆ. ಮಣ್ಣು ಒಣಗಿ ಕಲ್ಲಾದರೆ ಗೆದ್ದಲು ಆಳಕ್ಕೆ ಇಳಿಯುತ್ತದೆ, ಅಗೆಯುವ ಕೆಲಸ ಜಾಸ್ತಿ, ಸಿಗುವುದು ಕಡಿಮೆ.

ಗೋಪುರದ ಎದುರಿಗೆ ಕರಡಿಕಲ್ಲು ಗುಡ್ಡ. ಸಿಬ್ಬಂದಿ ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಕಾಡುಪ್ರಾಣಿಗೆ ಹೀಗೆ ತಿನ್ನಿಸುವುದು ಸರಿಯಾ ಅಂತ ನನಗೆ ಮೊದಲಿಂದಲೂ ಅನುಮಾನ ಇದೆ. ನೀರಿನ ತೊಟ್ಟಿ ತುಂಬಿಸುವುದರ ಬಗ್ಗೆ ಮಾತ್ರ ಅನುಮಾನವಿಲ್ಲ. ಗುಡ್ಡದ ಬುಡದಲ್ಲಿ ತಟ್ಟೆಯ ಹಾಗೆ ಅಗಲವಾದ ಸಿಮೆಂಟ್ ತೊಟ್ಟಿ. ಆಳ ಕಡಿಮೆ, ಅಂಚು ಇಳಿಜಾರು. ಆಮೆ ಬಿದ್ದರೂ ಹತ್ತಿ ಬರಬಹುದು. ಕುಕನೂರಿನ ಹೊಂಡ ನೋಡಿ ಬಂದ ನನಗೆ ಆ ಇಳಿಜಾರಿನ ಬೆಲೆ ಗೊತ್ತಿತ್ತು.

ಮೊದಲು ಬಂದದ್ದು ನವಿಲು. ಆಮೇಲೆ ಗೌಜಲಕ್ಕಿಗಳು, ಮುಂಗುಸಿ. ಕಾಡುಹಂದಿ ಬಂದಾಗ ಇವೆಲ್ಲ ಸರಿದು ಜಾಗ ಬಿಟ್ಟವು. ನಾಲ್ಕೂವರೆಗೆ ಒಂದು ದೊಡ್ಡ ಗಂಡು ಕರಡಿ ಬಂಡೆ ಸಂದಿಯಿಂದ ಇಳಿಯಿತು. ಬೆಲ್ಲದ ಕಡೆ ಮೂತಿಯನ್ನೇ ತಿರುಗಿಸಲಿಲ್ಲ. ನೇರ ತೊಟ್ಟಿಗೆ ಹೋಗಿ ಎರಡು ಕೈ ಊರಿ ಕುಡಿಯಿತು. ಕುಡಿದು ಅಲ್ಲೇ ನೀರಿನಲ್ಲಿ ಕೂತುಬಿಟ್ಟಿತು.

ಕಾವಲುಗಾರ ಬೆರಳು ತೋರಿಸಿದ. ಮೇಲೆ, ಬಂಡೆಯ ನೆರಳಲ್ಲಿ, ತಾಯಿ ಕರಡಿ. ಬೆನ್ನ ಮೇಲೆ ಎರಡು ಮರಿ. ಚಳಿಗಾಲದಲ್ಲಿ ಗುಹೆಯೊಳಗೆ ಹುಟ್ಟಿ ಈಗಷ್ಟೇ ಹೊರಗೆ ಬಂದಂಥವು, ತಾಯಿಯ ಉದ್ದ ಕೂದಲು ಹಿಡಿದು ಸವಾರಿ ಮಾಡುತ್ತಿದ್ದವು. ಅವಳು ಇಳಿಯಲಿಲ್ಲ. ಗಂಡು ಕರಡಿ ಮರಿಗಳನ್ನು ಕೊಲ್ಲುವ ಭಯ ಇರುತ್ತದೆ. ನೀರು ಕಾಣುತ್ತಿದೆ, ವಾಸನೆ ಬರುತ್ತಿದೆ, ಹಾಲುಣಿಸುವ ತಾಯಿ. ಆದರೂ ಕಾದಳು. ಒಂದು ಮರಿ ಇಳಿದು ಮುಂದೆ ಹೋಗಲು ನೋಡಿತು. ಕೈಯಿಂದ ಹಿಂದಕ್ಕೆ ಎಳೆದುಕೊಂಡಳು. ಗೋಪುರದಲ್ಲಿ ನಮ್ಮ ಜೊತೆ ಇನ್ನೂ ಎರಡು ಕುಟುಂಬಗಳಿದ್ದವು. ಸಣ್ಣ ಮಕ್ಕಳೂ ಉಸಿರು ಬಿಗಿಹಿಡಿದು ಕೂತಿದ್ದರು. ಯಾರಿಗೂ ಯಾರೂ ಸುಮ್ನಿರು ಅಂತ ಹೇಳಬೇಕಾಗಲಿಲ್ಲ.

ನಲವತ್ತು ನಿಮಿಷ. ಗಂಡು ಎದ್ದು, ಮೈ ಕೊಡವಿ, ಬೆಲ್ಲದ ಬಂಡೆಯ ಕಡೆ ಹೋಯಿತು. ತಾಯಿ ಇನ್ನೂ ಐದು ನಿಮಿಷ ಕಾದು, ಸುತ್ತು ಹಾಕಿ, ಬೇರೆ ಮಗ್ಗುಲಿನಿಂದ ಇಳಿದಳು. ಮರಿಗಳು ಬೆನ್ನಿನಿಂದ ಜಾರಿ ತೊಟ್ಟಿಯ ಅಂಚಿಗೆ ಬಂದವು. ಮೂರೂ ಒಟ್ಟಿಗೆ ಕುಡಿದವು. ಆಗ ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಿದ್ದ. ನಾನು ಫೋಟೋ ತೆಗೆಯಲಿಲ್ಲ, ತೆಗೆಯಬೇಕು ಅಂತ ನೆನಪೂ ಆಗಲಿಲ್ಲ. ವಾಪಸ್ ಬರುವಾಗ ಕಾವಲುಗಾರ ಹೇಳಿದ, ಈ ಬೇಸಿಗೆಯಲ್ಲಿ ತೊಟ್ಟಿ ಒಂದು ದಿನ ತಪ್ಪಿಸಿದರೂ ಮರುದಿನ ಇವು ಊರ ಕಡೆ ಹೋಗುತ್ತವೆ ಅಂತ.

ನಾಲ್ಕನೇ ದಿನ: ಸಿರುಗುಪ್ಪ, ರಾಯಚೂರು

ಕಂಪ್ಲಿಯಿಂದ ಸಿರುಗುಪ್ಪದ ದಾರಿ. ಈ ತಾಲ್ಲೂಕಿನ ಎರೆ ಬಯಲಿನಲ್ಲಿ ಹೆಬ್ಬಕ ಇದೆ. ನಮ್ಮ ಹಿರಿಯರು ಎರೆಭೂತ ಅಂತ ಕರೆಯುತ್ತಿದ್ದ ಎತ್ತರದ ಹಕ್ಕಿ. ಇಡೀ ದೇಶದಲ್ಲಿ 150ಕ್ಕೂ ಕಡಿಮೆ ಉಳಿದಿವೆ, ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ನೆಲದ ಮೇಲೆ. ನೋಡಲು ಆಸೆ ಬಹಳ ಇತ್ತು. ಆದರೆ ಬೇಸಿಗೆಯಿಂದ ಮಳೆಗಾಲದವರೆಗೆ ಅದು ಮೊಟ್ಟೆ ಇಡುವ ಕಾಲ. ಹಿನ್ನೀರಿನ ರೀವಗಳು ಕಣ್ಣ ಮುಂದೆ ಬಂದವು. ರಸ್ತೆ ಬಿಡಲಿಲ್ಲ. ಕಾರು ಎಲ್ಲೂ ನಿಲ್ಲಿಸಲೂ ಇಲ್ಲ.

ದಢೇಸುಗೂರು ಸೇತುವೆ ಮೇಲಿಂದ ನೋಡಿದರೆ ತುಂಗಭದ್ರಾ ಬರೀ ಮರಳು. ಸಿಂಧನೂರು, ಮಾನ್ವಿ. ಇಲ್ಲೂ ಗದ್ದೆಗಳು ಖಾಲಿ. ದಾರಿಯುದ್ದಕ್ಕೂ ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ಹೆಂಗಸರು. ಎಸಿ ಹಾಕಿದರೂ ಗಾಜು ಸುಡುತ್ತಿತ್ತು.

ಸಂಜೆ ಶಕ್ತಿನಗರದ ಹತ್ತಿರ ಕೃಷ್ಣೆಯ ದಂಡೆ. ರಾಯಚೂರಿನ ಕೃಷ್ಣೆಯಲ್ಲಿ ಮೊಸಳೆ ಇರುವುದು ದಂಡೆಯ ಊರುಗಳಿಗೆಲ್ಲ ಗೊತ್ತು. ನೀರು ಬತ್ತಿದಾಗ ಅವು ದಂಡೆಯಲ್ಲಿ ಬಿಲ ತೋಡಿ ಒಳಗೆ ಮಲಗುತ್ತವೆ, ಇಲ್ಲವೇ ಉಳಿದ ಮಡುಗಳಿಗೆ ಬಂದು ಸೇರುತ್ತವೆ. ಒಂದು ಚಪ್ಪಟೆ ಬಂಡೆಯ ಮೇಲೆ ಎರಡು ಮೊಸಳೆ ಬಾಯಿ ತೆರೆದು ಮಲಗಿದ್ದವು. ಅದೇ ಮಡುವಿನ ಈಚೆ ದಂಡೆಯಲ್ಲಿ ಒಬ್ಬ ಎಮ್ಮೆಗಳನ್ನು ನೀರಿಗೆ ಬಿಟ್ಟಿದ್ದ. ಭಯ ಆಗೋದಿಲ್ವಾ ಅಂದೆ. "ಆಗ್ತೈತ್ರಿ. ಎಮ್ಮಿ ನೀರ್ ಕುಡೀಬೇಕಲ್ರಿ" ಅಂದ. ಕಣ್ಣು ಮಾತ್ರ ಬಂಡೆಯ ಮೇಲೆಯೇ ಇತ್ತು.

ಐದನೇ ದಿನ: ಮತ್ತೆ ಕುಕನೂರು

ಲಿಂಗಸುಗೂರು, ಮುದಗಲ್ಲು, ಕುಷ್ಟಗಿ. ಮುದಗಲ್ಲಿನ ಕೋಟೆಯನ್ನು ಕಾರಿನ ಕಿಟಕಿಯಿಂದಲೇ ನೋಡಿದೆವು. ಬಲೆ ತಲುಪಿಸುವ ಆತುರ.

ಮೂರು ಗಂಟೆಗೆ ಆ ಹೊಲಕ್ಕೆ ಬಂದೆವು. ನಮ್ಮನ್ನು ನೋಡಿ ರೈತನಿಗೆ ಆಶ್ಚರ್ಯ. ಬಲೆ ನೋಡಿ ಇನ್ನೂ ಆಶ್ಚರ್ಯ. ಹೊಂಡದ ಎರಡು ಎದುರು ಬದುರು ಮಗ್ಗುಲಿಗೆ ಗೂಟ ಹೊಡೆದೆವು. ಬಲೆಯನ್ನು ಎರಡು ಪದರ ಮಡಚಿ ನೀರಿನೊಳಗೆ ಹೋಗುವ ಹಾಗೆ ಇಳಿಬಿಟ್ಟೆವು. ಬರೀ ಬಲೆಯಾದರೆ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಮಾವ ಬಲೆಯ ಕಣ್ಣುಗಳ ನಡುವೆ ಗೋಣಿಚೀಲ ಸುತ್ತಿ ಹೆಣೆಸಿದರು, ಮೆಟ್ಟಿಲಿನ ಹಾಗೆ. ಹಾಳೆ ಹರಿಯದಿರಲಿ ಅಂತ ಕೆಳಗೆ ನಮ್ಮ ಕಂಬಳಿ. ಮಗ ತಾನೇ ಹಗ್ಗ ಹಿಡಿದು ಇಳಿದು ಹತ್ತಿ ನೋಡಿದ. ಹೊಂಡದ ಆಚೆ, ಬೇವಿನ ಕೆಳಗೆ, ರೈತನ ತಮ್ಮ ಒಂದು ಹಳೆ ಟ್ರ್ಯಾಕ್ಟರ್ ಟೈರನ್ನು ಉದ್ದಕ್ಕೆ ಸೀಳಿ ನೆಲದಲ್ಲಿ ಹೂತಿಟ್ಟಿದ್ದ. ಆಳವಿಲ್ಲದ ತೊಟ್ಟಿ. ಅದಕ್ಕೆ ನಮ್ಮ ಉಳಿದ ಎರಡು ಕ್ಯಾನಿನ ನೀರು ಸುರಿದೆವು.

ಕೆಲಸ ಮುಗಿಯುವಾಗ ಐದೂವರೆ. ರೈತ ಕೊನೆಯ ಗಂಟು ಬಿಗಿದು, ಬಯಲಿನ ಕಡೆ ನೋಡಿ, ದನಿ ತಗ್ಗಿಸಿದ.

"ಗಾಡಿ ತಗೀರಿ ಅಕ್ಕೋರ. ಅವು ಬರೋ ಹೊತ್ತಾತು."

ನಾವು ಹೊರಟೆವು.